ಕನ್ನಡ ವಿಕಿಪೀಡಿಯದ ಕಾವಲು: ಮೊದಲು ಇತಿಹಾಸ, ಆಮೇಲೆ ರದ್ದು ಗುಂಡಿ

ಕನ್ನಡ ವಿಕಿಪೀಡಿಯದ ಕಾವಲು ಕೆಲಸ, ಅಂದರೆ ಕೆಟ್ಟ ಬದಲಾವಣೆಗಳನ್ನು ಹುಡುಕಿ ಸರಿಪಡಿಸುವುದು, ಶುರುವಾಗುವುದು ‘ಇತ್ತೀಚಿನ ಬದಲಾವಣೆಗಳು’ ಪುಟದಿಂದ. ಅಲ್ಲಿ ನಾನು ಮೊದಲು ನೋಡುವುದು ಬೈಟ್ ಲೆಕ್ಕ, ಅಂದರೆ ಪ್ರತಿ ಬದಲಾವಣೆಯಿಂದ ಪುಟದ ಗಾತ್ರ ಎಷ್ಟು ಹೆಚ್ಚಿತು ಅಥವಾ ಕುಗ್ಗಿತು ಎಂಬುದು. ಇಂಗ್ಲಿಷ್ ಪುಟಗಳ ಅಂದಾಜು ಇಲ್ಲಿ ನಡೆಯದು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು; ಸ್ವರಚಿಹ್ನೆಗೂ ಒತ್ತಿಗೂ ಬೇರೆ ಬೇರೆ ಲೆಕ್ಕ. ‘ಕನ್ನಡ’ ಎಂಬ ಪದವೊಂದೇ 15 ಬೈಟ್. ಹಾಗಾಗಿ −600 ಎಂದು ಕೆಂಪಗೆ ಕಂಡರೆ ಹೋಗಿರುವುದು ಮೂರ್ನಾಲ್ಕು ವಾಕ್ಯ, ಅಷ್ಟೆ. ನನಗೆ ಹೆಚ್ಚು ಅನುಮಾನ ಬರುವುದು ಸೊನ್ನೆಯ ಮೇಲೆ: 1956 ಇದ್ದದ್ದು 1965 ಆದರೆ ಬೈಟ್ ವ್ಯತ್ಯಾಸವೇ ಇರುವುದಿಲ್ಲ, ಅದನ್ನು ಯಾರೂ ತೆರೆದು ನೋಡುವುದೂ ಇಲ್ಲ.

ಕೆಟ್ಟ ಬದಲಾವಣೆ ಕಂಡ ಕೂಡಲೇ ಅದನ್ನು ರದ್ದು ಮಾಡುವ ಗುಂಡಿ ಒತ್ತಬಾರದು. ಅನ್‌ಡೂ ತೆಗೆಯುವುದು ಒಂದೇ ಸಂಪಾದನೆಯನ್ನು. ರೋಲ್‌ಬ್ಯಾಕ್ ಕೊನೆಯ ಬಳಕೆದಾರರ ಸಾಲು ಸಂಪಾದನೆಗಳನ್ನೆಲ್ಲ ತೆಗೆಯುತ್ತದೆ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಖಾತೆಯಿಂದ ಅದೇ ಕಿಡಿಗೇಡಿತನ ನಡೆದಿದ್ದರೆ, ಆ ಕೆಟ್ಟ ಆವೃತ್ತಿಯೇ ಮತ್ತೆ ಪುಟದಲ್ಲಿ ಕೂರುತ್ತದೆ. ಅದಕ್ಕೇ ಪುಟದ ಹಳೆಯ ಆವೃತ್ತಿಗಳೆಲ್ಲ ಇರುವ ‘ಇತಿಹಾಸ’ ತೆರೆದು, ಕೊನೆಯ ಒಳ್ಳೆಯ ಆವೃತ್ತಿ ಹುಡುಕಿ, ಅದನ್ನೇ ತೆರೆದು ಉಳಿಸುತ್ತೇನೆ. ಸಾರಾಂಶದಲ್ಲಿ ಕಾರಣ ಬರೆಯುತ್ತೇನೆ. ರೋಲ್‌ಬ್ಯಾಕ್ ತಾನಾಗಿ ಕಾರಣ ಬರೆಯುವುದಿಲ್ಲ, ಆದ್ದರಿಂದ ಅದು ಬೈಗುಳ, ಪುಟ ಖಾಲಿ ಮಾಡುವಂಥ ಸ್ಪಷ್ಟ ಹಾನಿಗೆ ಮಾತ್ರ. ಆಕರವಿಲ್ಲದೆ ಒಳ್ಳೆಯ ಮನಸ್ಸಿನಿಂದ ಬರೆದ ಹೊಸಬರ ಮೇಲೆ ಅದನ್ನು ಬಳಸಿದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಬರೆಯುವವರೇ ಕಡಿಮೆ ಇರುವ ವಿಕಿಗೆ ಇದು ದೊಡ್ಡ ನಷ್ಟ.

ಜಾತಿ, ಸಿನಿಮಾ ನಟರು, ಚುನಾವಣೆ ಕುರಿತ ಪುಟಗಳಲ್ಲಿ ಜಗಳ ಹತ್ತಿದರೆ ಮೊದಲು ಚರ್ಚಾಪುಟ. ಕೇಳದಿದ್ದರೆ ಕೆಲವು ದಿನಕ್ಕೆ ಅರೆ ಸಂರಕ್ಷಣೆ: ಖಾತೆ ಇಲ್ಲದವರೂ ತೀರಾ ಹೊಸಬರೂ ಆ ಪುಟ ತಿದ್ದಲಾಗದು. ಇಬ್ಬರೇ ಕಿತ್ತಾಡುತ್ತಿದ್ದರೆ ಪುಟಕ್ಕೆ ಬೀಗ ಹಾಕುವ ಬದಲು ಆ ಇಬ್ಬರನ್ನು ಆ ಪುಟದಿಂದಷ್ಟೇ ತಡೆಯುವ ಭಾಗಶಃ ನಿರ್ಬಂಧ ಉತ್ತಮ.

ಐಪಿ, ಅಂದರೆ ಅಂತರ್ಜಾಲ ವಿಳಾಸವನ್ನೇ ತಡೆಯುವ ನಿರ್ಬಂಧದಲ್ಲಿ ಇನ್ನೂ ಎಚ್ಚರ ಬೇಕು. ಮೊಬೈಲ್ ಜಾಲದಲ್ಲಿ ಒಂದೇ ವಿಳಾಸದ ಹಿಂದೆ ಹಲವರಿರುತ್ತಾರೆ. ಒಂದು ದಿನಕ್ಕಿಂತ ಹೆಚ್ಚು ತಡೆದರೆ ಪೆಟ್ಟು ಬೇರೆಯವರಿಗೆ. ಕಾಲೇಜಿನ ವೈಫೈ ಕೂಡ ಹಾಗೆಯೇ: ‘ಖಾತೆ ಸೃಷ್ಟಿ ತಡೆ’ ಆಯ್ಕೆ ಗುರುತಾಗಿದ್ದರೆ ಅಲ್ಲಿ ಹೊಸಬರಿಗೆ ನಡೆಸುವ ಇಡೀ ವಿಕಿಪೀಡಿಯ ಕಾರ್ಯಾಗಾರ ನಿಲ್ಲುತ್ತದೆ. ನಿರ್ಬಂಧವಿಲ್ಲದಿದ್ದರೂ ಒಂದು ಐಪಿಯಿಂದ ದಿನಕ್ಕೆ 6 ಖಾತೆಗಳಷ್ಟೇ, ಹಾಗಾಗಿ ವಿದ್ಯಾರ್ಥಿಗಳು ಮನೆಯಲ್ಲೇ ಖಾತೆ ತೆರೆದು ಬರಲಿ.

ತಾನೇ ಜಗಳದಲ್ಲಿರುವ ಪುಟದಲ್ಲಿ ನಿರ್ವಾಹಕರು (ಸಂರಕ್ಷಣೆ, ನಿರ್ಬಂಧ ಹಾಕಬಲ್ಲವರು) ತಮ್ಮ ಅಧಿಕಾರ ಬಳಸಕೂಡದು. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಒಂದು ಸಣ್ಣ ಗುಂಪು ವರ್ಷಗಟ್ಟಲೆ ಹಿಡಿತ ಸಾಧಿಸಿ ಭಿನ್ನಮತದವರನ್ನು ನಿರ್ಬಂಧಿಸಿತ್ತು. ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಅದರ ವರದಿಯನ್ನೇ ಪ್ರಕಟಿಸಿತು. ನಮ್ಮಂಥ ಚಿಕ್ಕ ಸಮುದಾಯಕ್ಕೂ ಈ ಅಪಾಯ ತಪ್ಪಿದ್ದಲ್ಲ. ನಾನೇ ಜಗಳದಲ್ಲಿರುವ ಪುಟವಾದರೆ, ಸಮುದಾಯದ ಚರ್ಚೆಯ ಪುಟವಾದ ‘ಅರಳಿ ಕಟ್ಟೆ’ಯಲ್ಲಿ ಕೊಂಡಿಗಳ ಸಮೇತ ವಿಷಯ ಇಟ್ಟು, ತೀರ್ಮಾನವನ್ನು ಬೇರೆ ನಿರ್ವಾಹಕರಿಗೆ ಬಿಡುತ್ತೇನೆ.