‘ವಿಲ್’ ಅಂದಿದ್ದಕ್ಕೆ ನಾಲ್ಕು ಗಂಟೆಗೆ ಎದ್ದ ಅತಿಥಿ

ಸಾಗರದ ಹತ್ತಿರ ನಮ್ಮ ತೋಟದ ಮನೆ. ಅದರಲ್ಲಿ 2 ಕೋಣೆ ಹೋಂಸ್ಟೇಗೆ ಬಿಟ್ಟಿದ್ದೇನೆ. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಬಂದಿದ್ದು ಬಂದವರ ಜೊತೆ ಮಾತಾಡಿ, ತಪ್ಪಿ, ನಗಿಸಿಕೊಂಡು.

ಒಂದು ಜನವರಿಯಲ್ಲಿ ವಿದೇಶದವರೊಬ್ಬರು ಬಂದಿದ್ದರು. ಜಗಲಿಯಲ್ಲಿ ನೇತುಹಾಕಿದ್ದ ಭೂಮಣ್ಣಿ ಬುಟ್ಟಿ ಕಂಡು ಏನಿದು ಅಂದರು. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿ ಅದು. ನಾನು ಹುರುಪಿನಲ್ಲಿ ಭೂಮಿ ಹುಣ್ಣಿಮೆಯ ಕತೆ ಶುರು ಮಾಡಿದೆ. ಭತ್ತ ಹೊಡೆ ತುಂಬಿರುವ ಹೊತ್ತು, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಬಗೆಬಗೆ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡಿ ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರುತ್ತೇವೆ. ಇದನ್ನೆಲ್ಲ ಹೇಳಿದ್ದು ಹೀಗೆ: ‘ವೀ ವಿಲ್ ಗೋ ಟು ದ ಫೀಲ್ಡ್ ಅಟ್ ಫೋರ್. ವೀ ವಿಲ್ ಗಿವ್ ಫುಡ್ ಟು ದ ಅರ್ಥ್.’

ಮರುದಿನ ಬೆಳಗಿನ ಜಾವ ನಾಯಿ ಬೊಗಳಿತು. ನೋಡಿದರೆ ಅವರು ಬೂಟು ಹಾಕಿ, ಟಾರ್ಚು ಕ್ಯಾಮೆರಾ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ! ಗದ್ದೆಯಲ್ಲಿ ಕೊಯ್ಲು ಮುಗಿದು ಬರೀ ಕೂಳೆ. ಹಬ್ಬ ಬರುವುದು ಅಕ್ಟೋಬರ್ ಹೊತ್ತಿಗೆ.

ತಪ್ಪು ಎಲ್ಲಿ ಅಂತ ಆಮೇಲೆ ಕೂತು ಯೋಚಿಸಿದೆ. ‘ನಾಳೆ ಗದ್ದೆಗೆ ಹೋಗ್ತೇವೆ’, ‘ಪ್ರತಿ ವರ್ಷ ಗದ್ದೆಗೆ ಹೋಗ್ತೇವೆ’. ನಮಗೆ ಎರಡಕ್ಕೂ ಒಂದೇ ‘ಹೋಗ್ತೇವೆ’. ಇಂಗ್ಲಿಷಿನಲ್ಲಿ ನಾಳೆಯದಕ್ಕೆ ‘ವಿಲ್ ಗೋ’, ರೂಢಿಗೆ ಬರೀ ‘ಗೋ’. ಅಲ್ಲಿಂದ ಒಂದು ಉಪಾಯ ಮಾಡಿಕೊಂಡೆ. ಬಾಯಿ ತೆಗೆಯುವ ಮುಂಚೆ ಮನಸ್ಸಲ್ಲೇ ‘ಪ್ರತಿ ವರ್ಷ’ ಅಥವಾ ‘ದಿನಾ’ ಸೇರಿಸಿ ನೋಡುವುದು. ಸರಿಹೊಂದಿದರೆ ‘ವಿಲ್’ ನುಂಗಿಬಿಡುವುದು. (ರೂಢಿಗೂ ಒಮ್ಮೊಮ್ಮೆ ಅವರು ‘ವಿಲ್’ ಹಾಕುತ್ತಾರೆ. ನಾನು ಆ ಉಸಾಬರಿಗೆ ಹೋಗುವುದಿಲ್ಲ.)

‘ಇಲ್ಲ’ ಅನ್ನುವಾಗ ಇನ್ನೂ ಜಾಸ್ತಿ ಪೇಚು. ಒಬ್ಬರು ತಮ್ಮೂರಿನ ಟೀ ಪೊಟ್ಟಣ ತಂದು, ಮಾಡಿ ಕೊಟ್ಟರು. ನಾನು ‘ಐ ವಿಲ್ ನಾಟ್ ಡ್ರಿಂಕ್ ಟೀ’ ಅಂದೆ. ಅವರ ಮುಖ ಸಣ್ಣದಾಯಿತು. ಟೀ ಕುಡಿಯುವ ಅಭ್ಯಾಸವಿಲ್ಲ ಅನ್ನುವುದು ನನ್ನ ಮನಸ್ಸಿನಲ್ಲಿ. ಅವರ ಕಿವಿಗೆ ಬಿದ್ದಿದ್ದು ‘ನೀನು ಕೊಟ್ಟಿದ್ದು ಕುಡಿಯಲ್ಲ’ ಅಂತ. ಈಗ ‘ಐ ಡೋಂಟ್ ಡ್ರಿಂಕ್ ಟೀ’ ಅನ್ನುತ್ತೇನೆ.

‘ಇಂಗ್’ ಹಚ್ಚುವ ಚಟವೂ ಇತ್ತು. ‘ಐ ಹ್ಯಾವ್’ ಅಂದರೆ ಸಾಕಾದಲ್ಲಿ ‘ಐ ಆಮ್ ಹ್ಯಾವಿಂಗ್ ತ್ರೀ ಕೌಸ್’ ಅಂತೆಲ್ಲ. ಅದು ಬೇಗ ಬಿಟ್ಟಿತು. ಆದರೆ ಅಡಿಕೆ ಸುಗ್ಗಿಯಲ್ಲಿ ಕಾಫಿ ಕುಡಿಯುತ್ತಾ ಕೂತೇ ‘ದಿಸ್ ಮಂತ್ ವೀ ಆರ್ ಪೀಲಿಂಗ್ ಅರೆಕಾ’ ಅನ್ನಬಹುದು. ಕೈಯಲ್ಲಿ ಕತ್ತಿ ಇರಬೇಕು ಅಂತೇನಿಲ್ಲ. ಈ ತಿಂಗಳ ಮಟ್ಟಿಗೆ ನಡೆಯುವ ಕೆಲಸಕ್ಕೆ ‘ಇಂಗ್’ ಸರಿಯಾಗಿಯೇ ಕೂರುತ್ತದೆ.

ನನಗೆ ನಿಜವಾಗಿ ಕಷ್ಟವಾಗಿದ್ದು ಬೇರೆ. ಕನ್ನಡದಲ್ಲಿ ಆಚಾರ ಹೇಳುವಾಗ ಮಾಡುವವರು ಯಾರು ಅಂತಲೇ ನಾವು ಹೇಳುವುದಿಲ್ಲ. ‘ಯುಗಾದಿಗೆ ಬೇವು-ಬೆಲ್ಲ ತಿಂತಾರೆ, ಸಂಕ್ರಾಂತಿಗೆ ಎಳ್ಳು ಬೀರ್ತಾರೆ’, ಮುಗಿಯಿತು. ಇಂಗ್ಲಿಷಿನಲ್ಲಿ ಕರ್ತೃ ಇಲ್ಲದೆ ವಾಕ್ಯ ನಡೆಯದು. ನಾನು ‘ದೇ ಪೇಂಟ್ ದ ಬಾಸ್ಕೆಟ್’ ಅಂದರೆ ಅತಿಥಿ ತಕ್ಷಣ ‘ಹೂ?’ ಅಂತಾರೆ. ಎಲ್ಲರೂ ಬರೆಯುತ್ತಾರಾ, ನಮ್ಮ ಮನೆಯವರು ಮಾತ್ರವಾ, ಅದರಲ್ಲಿ ನಾನು ಇದ್ದೇನಾ? ‘ವೀ’ ಅನ್ನಲು ನಾಚಿಕೆ, ಯಾಕೆಂದರೆ ನಾನು ಒಂದು ಗೆರೆಯನ್ನೂ ಎಳೆದವನಲ್ಲ. ಕೊನೆಗೆ ‘ದ ವಿಮೆನ್ ಇನ್ ಅವರ್ ಹೌಸ್ ಪೇಂಟ್ ಇಟ್’ ಅಂತ ಒಪ್ಪಿಕೊಂಡೆ.

ಇನ್ನೂ ಒಂದು ಸಲ ಮುಗ್ಗರಿಸಿದ್ದಿದೆ. ಇಂಗ್ಲಿಷಿನಲ್ಲಿ ‘ಯೂಸ್ಡ್ ಟು’ ಅಂದರೆ ಹಿಂದೆ ಮಾಡುತ್ತಿದ್ದರು, ಈಗಿಲ್ಲ ಅಂತ. ಆದರೆ ದಿನಾ ಮಾಡುವುದಕ್ಕೂ ಹಾಗೆ ಅನ್ನುವುದು ನಮ್ಮಲ್ಲಿ ಬಹಳ ಜನರ ರೂಢಿ. ನಾನೂ ಬುಟ್ಟಿ ತೋರಿಸಿ ‘ಮೈ ಮದರ್ ಯೂಸ್ಡ್ ಟು ಪೇಂಟ್ ಇಟ್’ ಅಂದೆ. ಕೇಳಿದ ಅತಿಥಿ, ಒಬ್ಬರು ಅಜ್ಜಿ, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ‘ಐ ಆಮ್ ಸಾರಿ’ ಅಂದರು. ಯಾಕೆ ಅಂತ ನಾನು ಕಣ್ಣು ಬಿಡುತ್ತಿದ್ದಾಗಲೇ ಅಮ್ಮ ಒಳಗಿಂದ ಕಾಫಿ ತಟ್ಟೆ ಹಿಡಿದು ಬಂದರು. ‘ಏನಂತೆ ಅವರಿಗೆ, ಸಕ್ಕರೆ ಕಮ್ಮಿ ಬೇಕಂತಾ?’