ಹಳೇ ಕಾಲದವರು ಕಂಡ ‘ಮುಂದಿನ ಕಾಲ’ಕ್ಕೆ ಮಾರ್ಕ್ಸ್ ಕೊಡುವುದು ಹೇಗೆ?

ಹಾಸನದಲ್ಲಿ ಡಿಶ್ ಕೂರಿಸುವ ಕೆಲಸ ನನ್ನದು. ಗುಜರಿ ಅಂಗಡಿಯಲ್ಲಿ ಹಳೇ ಪತ್ರಿಕೆಯ ಕಟ್ಟು ಕಂಡರೆ ಬಿಡುವವನಲ್ಲ. ಅದರಲ್ಲಿ ಮೊದಲು ಹುಡುಕುವುದು ‘ಮುಂದೆ ಪ್ರಪಂಚ ಹೇಗಿರುತ್ತದೆ’ ಎನ್ನುವ ಲೇಖನ. ಹಾರುವ ಕಾರು, ಮುಸುರೆ ತಿಕ್ಕುವ ರೋಬೋಟು ನೋಡಿ ನಗುವುದು ಸುಲಭ. ಸ್ವಲ್ಪ ಲೆಕ್ಕ ಹಾಕಿ ಓದಿದರೆ ಮಜಾ ಜಾಸ್ತಿ.

ಮೊದಲು ಲೇಖನದ ಇಸವಿ ಬರೆದುಕೊಳ್ಳಿ. ಆಗಿನ್ನೂ ಏನೇನು ಬಂದಿರಲಿಲ್ಲ ಎನ್ನುವುದನ್ನು ಪಕ್ಕದಲ್ಲೇ ಬರೆಯಿರಿ. ಆಮೇಲೆ ಲೇಖಕ ಹೇಳಿದ್ದನ್ನು ಮೂರು ತುಂಡು ಮಾಡಿ: ವಸ್ತು ಏನು, ಅದನ್ನು ನೋಡಿಕೊಳ್ಳುವವರು ಯಾರು, ದುಡ್ಡು ಕೊಡುವವರು ಯಾರು. ಒಂದೊಂದಕ್ಕೂ ಬೇರೆ ಮಾರ್ಕ್ಸ್.

ನಮ್ಮೂರಿಗೇ ಸೇರಿದ ಉದಾಹರಣೆ ನೋಡಿ. 1945ರ ಅಕ್ಟೋಬರ್‌ನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬ್ರಿಟನ್ನಿನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಒಂದು ಲೇಖನ ಬರೆದರು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ವಸ್ತು ಭೂಮಿಯ ಜೊತೆಗೇ ತಿರುಗುತ್ತದೆ, ಕೆಳಗಿನಿಂದ ನೋಡಿದರೆ ನಿಂತ ಹಾಗೇ ಇರುತ್ತದೆ. ಅಂಥ ಮೂರು ನಿಲ್ದಾಣ ಇದ್ದರೆ ಇಡೀ ಪ್ರಪಂಚಕ್ಕೆ ಪ್ರಸಾರ ಮಾಡಬಹುದು. ವಸ್ತುವಿಗೆ ಪೂರ್ತಿ ಮಾರ್ಕ್ಸ್ ಕೊಡಬೇಕು, ಅಲ್ವಾ? ಅನುಮಾನ ಇದ್ದರೆ ತಾರಸಿ ಹತ್ತಿ. ಹಾಸನದಲ್ಲಿ ದೂರದರ್ಶನದ ಫ್ರೀ ಡಿಶ್ ಹಾಕಿಸಿಕೊಂಡವರ ಮನೆಯ ತಟ್ಟೆ ಆಗ್ನೇಯಕ್ಕೆ, ಅಂದರೆ ವಾಸ್ತುವಿನವರ ಅಡುಗೆಮನೆ ಮೂಲೆಗೆ ತಿರುಗಿರುತ್ತದೆ. ನೋಟ ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ. ಒಂದು ಸಲ ಆ ಎತ್ತರದಲ್ಲಿರುವ ಉಪಗ್ರಹದ ಸಿಗ್ನಲ್ ಹಿಡಿಸಿ ನಟ್ಟು ಬಿಗಿದರೆ ಮುಗಿಯಿತು. ಕೋತಿ ಜೋತುಬಿದ್ದು ಅಲ್ಲಾಡಿಸದಿದ್ದರೆ ಮತ್ತೆ ತಿರುಗಿಸುವ ಕೆಲಸವೇ ಇಲ್ಲ.

ಎರಡನೇ ತುಂಡಿನಲ್ಲಿ ಕ್ಲಾರ್ಕ್ ಎಡವಿದರು. ಅವರ ನಿಲ್ದಾಣದಲ್ಲಿ ಜನ ವಾಸ ಇರುತ್ತಾರೆ, ಊಟ ಸಾಮಾನು ರಾಕೆಟ್‌ನಲ್ಲಿ ಹೋಗುತ್ತದೆ. ಈಗ ‘ಏನು ಬಂದಿರಲಿಲ್ಲ’ ಎಂದು ಬರೆದಿಟ್ಟ ಪಟ್ಟಿ ತೆಗೆಯಿರಿ. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ. ಅದಕ್ಕೂ ಮುಂಚೆ ರೇಡಿಯೋ ಯಂತ್ರಕ್ಕೆಲ್ಲ ವಾಲ್ವ್, ಅಂದರೆ ಬಲ್ಬಿನಂಥ ಗಾಜಿನ ಕೊಳವೆಯ ಕಾಲ. ವಾಲ್ವ್ ಸುಟ್ಟರೆ ಬದಲಿಸಲು ಯಾರಾದರೂ ಅಲ್ಲೇ ಇರಬೇಕು. ನಿಜವಾಗಿ ಆದದ್ದೇನು? ನೋಡಿಕೊಳ್ಳುವವರು ಭೂಮಿ ಮೇಲೇ ಉಳಿದರು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ (ಎಂಸಿಎಫ್) 1982ರ ಇನ್‌ಸ್ಯಾಟ್-1ಎ ಉಪಗ್ರಹದ ಕಾಲದಿಂದ ಇದೇ ಕೆಲಸ ಮಾಡುತ್ತಿದೆ. ಸೂರ್ಯ ಚಂದ್ರರ ಎಳೆತಕ್ಕೆ ಉಪಗ್ರಹ ಜಾಗ ಬಿಟ್ಟು ಸರಿಯುತ್ತದೆ. ಇಲ್ಲಿಂದ ಆದೇಶ ಹೋದರೆ ಅದರ ಪುಟ್ಟ ಎಂಜಿನ್ ಉರಿದು ವಾಪಸ್ ಜಾಗಕ್ಕೆ ಬರುತ್ತದೆ. ಕ್ಲಾರ್ಕ್ ಆಕಾಶದಲ್ಲಿ ಕೂರಿಸಿದ್ದ ಜನ ಸಂಜೆ ಹಾಸನದಲ್ಲೇ ತರಕಾರಿ ಕೊಳ್ಳುತ್ತಾರೆ.

ಮೂರನೇ ತುಂಡಿಗೆ ಅಮೆರಿಕದ ಪಿಕ್ಚರ್‌ಫೋನ್ ನೋಡಿ. 1964ರಲ್ಲಿ ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ಗೆ ಮುಖ ನೋಡಿ ಮಾತಾಡಬಹುದಿತ್ತು. ಬೂತ್‌ಗೆ ಹೋಗಬೇಕು, ಮೂರು ನಿಮಿಷಕ್ಕೆ 16 ಡಾಲರ್. ಯಾರು ಕೊಡುತ್ತಾರೆ? ವಸ್ತು ಪಾಸು, ದುಡ್ಡು ಫೇಲು. ಈಗ ಸಕಲೇಶಪುರದ ತೋಟದ ಮನೆಯಲ್ಲಿ ಅಜ್ಜಿ ದಿನಾ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತಾರೆ. ಮೊಮ್ಮಗಳಿಗೆ ಕಾಣುವುದು ಅರ್ಧ ಹಣೆ, ಮೇಲಿನ ಜಂತೆ. ಅದೂ ಜಗಲಿಯ ಮೂಲೆಯಲ್ಲಿ ಟವರ್ ಸಿಕ್ಕಿದರೆ.

ಒಂದು ಎಚ್ಚರಿಕೆ. ಒಂದು ಮಾತು ನಿಜವಾಯಿತು ಅಂತ ಇಡೀ ಲೇಖನ ನಂಬಬೇಡಿ. 1900ರಲ್ಲಿ ಜಾನ್ ಎಲ್ಫ್ರೆತ್ ವಾಟ್ಕಿನ್ಸ್ ಎಂಬ ಅಮೆರಿಕದವರು ಮುಂದಿನ ನೂರು ವರ್ಷದ ಬಗ್ಗೆ ಬರೆದರು. ತಂತಿಯಿಲ್ಲದ ಫೋನ್ ಪ್ರಪಂಚ ಸುತ್ತುತ್ತದೆ ಎಂದರು, ಸರಿ. ಸೊಳ್ಳೆ ನೊಣ ನಿರ್ನಾಮ ಆಗುತ್ತವೆ ಎಂದೂ ಅದೇ ಲೇಖನದಲ್ಲಿ ಬರೆದರು! ಯಂತ್ರದ ಮಾತಿಗಿಂತ ಜೀವಿಗಳ ಮಾತಿಗೆ ನಾನು ಕೈ ಬಿಗಿ ಹಿಡಿದೇ ಮಾರ್ಕ್ಸ್ ಹಾಕುತ್ತೇನೆ.

ಇನ್ನೊಂದು ಹಾಳೆ ಖಾಲಿ ಇಟ್ಟುಕೊಂಡು ಪೇಟೆಗೆ ಹೋಗಿ. ನೀವು ಓದಿದ ಯಾವ ಲೇಖನದಲ್ಲೂ ಇಲ್ಲದ್ದನ್ನು ಅದರಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ಮೊದಲಿಗೆ ಇರುವುದು ಎಳನೀರು ಗಾಡಿಯ ಮೇಲೆ ದುಡ್ಡು ಬಂತು ಎಂದು ಕೂಗುವ ಡಬ್ಬಿ.

ಇವತ್ತಿನ ಪೇಪರ್‌ನಲ್ಲಿ ಎಐ ಹಾಗೆ ಮಾಡುತ್ತದೆ, ಹೀಗೆ ಮಾಡುತ್ತದೆ ಎಂದು ಬರುವುದನ್ನೂ ಕತ್ತರಿಸಿ, ತಾರೀಕು ಹಾಕಿ ಎತ್ತಿಡಿ. ಟ್ರಂಕಿನಲ್ಲೇ ಇಡಿ, ಪ್ಲಾಸ್ಟಿಕ್ ಕವರ್ ಹಾಕಿ. ನಮ್ಮ ಕಡೆಯ ಮಳೆಗೆ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ.