ಅಡಿಕೆ ಸಿಪ್ಪೆ ಕರಗಿಸಿದ ಚಿಪ್ಪಣಬೆ

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. ಸುಗ್ಗಿ ಮುಗಿಯುವ ಹೊತ್ತಿಗೆ ಅಂಗಳದ ಬದಿಯಲ್ಲಿ ಹಸಿ ಸಿಪ್ಪೆಯ ಗುಡ್ಡೆಯೇ ಏಳುತ್ತದೆ. ನಮ್ಮ ಕಡೆ ಎಷ್ಟೋ ಜನ ಅದನ್ನು ರಸ್ತೆ ಪಕ್ಕ ಸುರಿದು, ಒಣಗಿದ ಮೇಲೆ ಬೆಂಕಿ ಹಾಕುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟ. ತೋಟದ್ದು ತೋಟಕ್ಕೇ ಹೋಗಬೇಕು, ಅಲ್ವಾ?

ಆದರೆ ಸಿಪ್ಪೆ ಬೇಗ ಕರಗುವುದಿಲ್ಲ. ಗುಂಡಿಗೆ ಹಾಕಿ ಎರಡು ವರ್ಷ ಬಿಟ್ಟರೂ ನಾರು ಹಾಗೇ ಇತ್ತು. ಅದಕ್ಕೆ ಕಾರಣ ಲಿಗ್ನಿನ್, ಮರಕ್ಕೆ ಗಟ್ಟಿತನ ಕೊಡುವ ವಸ್ತು. ಸೊಪ್ಪನ್ನು ಬೇಗ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಇದು ಸುಲಭದ ತುತ್ತಲ್ಲ. ಕಾಡಿನಲ್ಲಿ ಬಿದ್ದ ಮರವನ್ನು ಮೆತ್ತಗೆ ಮಾಡುವುದು ಅಣಬೆಗಳು. ತೆಂಗಿನ ನಾರಿನ ಪುಡಿಯನ್ನು ಗೊಬ್ಬರ ಮಾಡಲು ಬಳಸುವುದೂ ಚಿಪ್ಪಣಬೆಯನ್ನೇ.

ಪಕ್ಕದೂರಿನಲ್ಲಿ ಚಿಪ್ಪಣಬೆ ಬೆಳೆಯುವವರಿದ್ದಾರೆ. ಬೆಳೆ ಮುಗಿದರೂ ಅಣಬೆಯ ಬಿಳಿ ನೂಲು ಉಳಿದಿರುವ ಹುಲ್ಲಿನ ಚೀಲಗಳನ್ನು ಕೇಳಿ ತಂದೆ. ಅಪ್ಪಯ್ಯ ಹೆದರಿದರು. "ಅಣಬೆ ರೋಗ ಬಂದ್ರೆ ಏನ್ ಮಾಡ್ತೀಯೋ?" ಅಂದರು. ತಪ್ಪಿಲ್ಲ, ನಮ್ಮ ತೋಟದಲ್ಲೇ ಆ ರೋಗಕ್ಕೆ ಮರಗಳು ಹೋಗಿವೆ. ಆದರೆ ಅದನ್ನು ತರುವುದು ಗ್ಯಾನೋಡರ್ಮಾ ಎಂಬ ಬೇರೆಯೇ ಅಣಬೆ. ಚಿಪ್ಪಣಬೆ ಅಡಿಕೆ ಮರದ ಬೇರಿಗೆ ಕೈ ಹಾಕುವುದಲ್ಲ.

ಮೊದಲ ಸಲ ಕೆಟ್ಟಿತು. ಸಿಪ್ಪೆ, ಹಸಿ ಸಗಣಿ, ಸೊಪ್ಪು, ಅಣಬೆ ಹುಲ್ಲು ಎಲ್ಲ ಒಟ್ಟಿಗೇ ಹಾಕಿದ್ದೆ. ನಾಲ್ಕನೇ ದಿನಕ್ಕೆ ಕೈ ಇಡಲಾರದಷ್ಟು ಬಿಸಿ. ಆ ಬಿಸಿಗೆ ಅಣಬೆಯ ಬಿಳಿ ನೂಲು ಸತ್ತೇ ಹೋಯಿತು.

ಎರಡನೇ ವರ್ಷ ಕ್ರಮ ಬದಲಿಸಿದೆ. ನೆರಳಲ್ಲಿ ಸಿಪ್ಪೆಯನ್ನು ಚೆನ್ನಾಗಿ ನೆನೆಸಿ ಅರ್ಧ ಅಡಿ ಹರಡುವುದು, ಮೇಲೆ ಪುಡಿ ಮಾಡಿದ ಅಣಬೆ ಹುಲ್ಲು, ಮತ್ತೆ ಸಿಪ್ಪೆ. ಹೀಗೆ ಮೂರಡಿ ಎತ್ತರಕ್ಕೆ. ಸಗಣಿ ಇಲ್ಲ, ಸೊಪ್ಪಿಲ್ಲ. ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಸಾಕು. ಮೇಲೆ ಗೋಣಿಚೀಲ ಹೊದೆಸಿದೆ. ಪ್ಲಾಸ್ಟಿಕ್ ಬೇಡ, ಅಣಬೆಗೂ ಗಾಳಿ ಬೇಕು. ಒಂದೂವರೆ ತಿಂಗಳು ರಾಶಿ ಮಗುಚಲಿಲ್ಲ, ಮಗುಚಿದರೆ ನೂಲು ಹರಿದುಹೋಗುತ್ತದೆ. ಸುಮ್ನೆ ಬಿಡುವುದೇ ಇಲ್ಲಿ ಕಷ್ಟದ ಕೆಲಸ!

ಗೋಣಿ ತೆಗೆದಾಗ ಒಳಗೆಲ್ಲ ಹತ್ತಿಯಂಥ ಬಿಳಿ ಬಲೆ, ಮಳೆ ಬಿದ್ದ ಕಾಡಿನ ವಾಸನೆ. ನಾರು ಬೆರಳಲ್ಲಿ ಎಳೆದರೆ ತುಂಡಾಗುತ್ತಿತ್ತು. ಅಪ್ಪಯ್ಯ ಒಂದು ಹಿಡಿ ತೆಗೆದು ತುಂಬಾ ಹೊತ್ತು ಹಿಸುಕಿ ನೋಡುತ್ತಾ ನಿಂತರು.

ಆಮೇಲೆ ಸಗಣಿ, ಸೊಪ್ಪು ಸೇರಿಸಿ ಮಗುಚಿದೆ. ಆಗ ಬಿಸಿ ಏರಿದರೆ ಚಿಂತೆಯಿಲ್ಲ, ಅಣಬೆಯ ಕೆಲಸ ಮುಗಿದಿರುತ್ತದೆ. ಈ ಹಂತದಲ್ಲಿ ಬೂದಿ ಬಣ್ಣದ ಪುಡಿ ಕಂಡರೆ ಅದು ಸಾಮಾನ್ಯವಾಗಿ ಶಿಲೀಂಧ್ರವಲ್ಲ, ಆಕ್ಟಿನೊಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾ. ಅದೂ ಬೇಕಾದದ್ದೇ. ಪೂರ್ತಿ ತಣ್ಣಗಾದ ಮೇಲೆ, ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೆರೆಸಿದೆ. ಮೊದಲೇ ಹಾಕಿದರೆ ಅದು ಚಿಪ್ಪಣಬೆಯನ್ನೇ ತಿನ್ನುತ್ತದೆ. ಆರು ತಿಂಗಳಿಗೆ ಕಪ್ಪು ಗೊಬ್ಬರ ಮರದ ಬುಡ ಸೇರಿತು.

ಮೂರು ಎಚ್ಚರಿಕೆ. ರಾಶಿಯ ಮೇಲೆ ಎದ್ದ ಅಣಬೆಯನ್ನು ತಿನ್ನಬೇಡಿ. ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳಿಗೆ ನನಗೆ ವಾರವಿಡೀ ಕೆಮ್ಮು ಬಂದಿತ್ತು. ಅಣಬೆ ರೋಗಕ್ಕೆ ಸತ್ತ ಮರದ ಬುಡ, ಬೇರುಗಳನ್ನಂತೂ ಈ ರಾಶಿಗೆ ಸೇರಿಸಲೇಬೇಡಿ. ನಾವು ಅವನ್ನು ಕಿತ್ತು ಸುಡುತ್ತೇವೆ.